ಸಪ್ತವ್ಯಸನದ ಪಟ್ಟಿಯಲ್ಲಿ ಬೆಲ್ಟೂ ಇದೆ

“ಹೊಡೆದು ಬೆಳೆಸಿದ್ದಕ್ಕೇ ಕಣಯ್ಯಾ, ನಾವು ಇವತ್ತು ಇಲ್ಲಿರೋದು.”

ಈ ಮಾತನ್ನು ನೀವು ಕೇಳಿಯೇ ಇರ್ತೀರಿ. ಸಿಡ್ನಿಯ ವೆಂಟ್‌ವರ್ತ್‌ವಿಲ್‌ನ ಹಿತ್ತಿಲಲ್ಲಿ ಬಾರ್ಬೆಕ್ಯೂ ಇರಲಿ, ಮೆಲ್ಬರ್ನ್‌ನ ಪಾಯಿಂಟ್ ಕುಕ್‌ನಲ್ಲಿ ಗರಾಜು ಖಾಲಿ ಮಾಡಿ ಕುರ್ಚಿ ಹಾಕಿದ ಹುಟ್ಟುಹಬ್ಬದ ಪಾರ್ಟಿ ಇರಲಿ, ಮೂರನೇ ಪೆಗ್ಗಿನ ಹೊತ್ತಿಗೆ ಇದು ಬಂದೇ ಬರುತ್ತದೆ. ಒಬ್ಬರು ಅಪ್ಪನ ಬೆಲ್ಟಿನ ಕಥೆ ಹೇಳ್ತಾರೆ. ಇನ್ನೊಬ್ಬರು ಮೇಷ್ಟ್ರ ಬೆತ್ತದ ಕಥೆ. ಮತ್ತೊಬ್ಬರು ಕಾದ ಸೌಟಿನಿಂದ ಬರೆ ಹಾಕಿಸಿಕೊಂಡ ಕಥೆ ಹೇಳಿ ತೋಳಿನ ಗುರುತು ತೋರಿಸ್ತಾರೆ. ಎಲ್ಲರೂ ಹೊಟ್ಟೆ ಹಿಡಿದು ನಗ್ತಾರೆ. ನಾಲ್ಕನೇ ಪೆಗ್ಗು ಗ್ಲಾಸಿಗೆ ಬೀಳುತ್ತದೆ. ಆ ಕಥೆಗೂ ಈ ಗ್ಲಾಸಿಗೂ ಏನಾದರೂ ಸಂಬಂಧ ಇದೆಯಾ ಅಂತ ಮಾತ್ರ ಯಾರೂ ಕೇಳಲ್ಲ.

ನಾನು ಕೇಳ್ತೀನಿ. ಸಂಬಂಧ ಇದೆ ಅಂತಲೂ ಹೇಳ್ತೀನಿ. ಸೂಟ್‌ಕೇಸ್ ಹಿಡಿದು ಈ ದೇಶಕ್ಕೆ ಬಂದವರಿಗೆ ಹೇಳಬೇಕಾದ್ದು ಇದೆ. ಇಲ್ಲೇ ಹುಟ್ಟಿ, ಈಗ ಕನ್ನಡ ಕಲಿಯುತ್ತಾ, ನಿಧಾನವಾಗಿ ಬೆರಳಿಟ್ಟು ಇದನ್ನು ಓದುತ್ತಿರುವ ಮಕ್ಕಳಿಗೂ ಇದೆ. ಮಕ್ಕಳಿಗೆ ಹೇಳುವುದೇ ಹೆಚ್ಚು.

ಮೊದಲು “ನಾವು ಚೆನ್ನಾಗೇ ಇದ್ದೀವಲ್ಲ” ಅನ್ನುವ ವಾದ. ನಿಮ್ಮ ಜೊತೆ ಅದೇ ಬೆತ್ತದ ರುಚಿ ನೋಡಿದ ನಲವತ್ತು ಹುಡುಗರಲ್ಲಿ ಆಸ್ಟ್ರೇಲಿಯಾ ತಲುಪಿದವರು ಒಬ್ಬರೋ ಇಬ್ಬರೋ. ಉಳಿದವರಲ್ಲಿ ಏಳನೇ ಕ್ಲಾಸಿಗೇ ಸ್ಕೂಲು ಬಿಟ್ಟವನಿದ್ದಾನೆ, ಮೂವತ್ತೈದಕ್ಕೇ ಲಿವರ್ ಹಾಳು ಮಾಡಿಕೊಂಡವನಿದ್ದಾನೆ, ಹೇಗೆ ಸತ್ತ ಅಂತ ಊರಲ್ಲಿ ಯಾರೂ ಬಾಯಿಬಿಟ್ಟು ಹೇಳದವನೂ ಇದ್ದಾನೆ. ಅವರು ಬಾರ್ಬೆಕ್ಯೂಗೆ ಬರಲ್ಲ. ಬೆತ್ತದಿಂದಲೇ ವೀಸಾ ಸಿಗುವುದಾದರೆ ಅವರಿಗೂ ಸಿಗಬೇಕಿತ್ತು. ಇನ್ನು “ಚೆನ್ನಾಗಿ” ಅನ್ನುವುದಕ್ಕೆ ಅಳತೆ ಏನು? ನಾಲ್ಕು ಬೆಡ್‌ರೂಮಿನ ಮನೆ, ಸಿಟಿಜನ್‌ಶಿಪ್, ಹೊಸ ಕಾರು. ರಾತ್ರಿ ನಿದ್ದೆ ಬರುತ್ತಾ? ಮಗು ಹಾಲು ಚೆಲ್ಲಿದರೆ ಕೈ ತಾನಾಗಿ ಮೇಲೇಳುತ್ತಾ? ಶುಕ್ರವಾರ ಸಂಜೆ ಬಾಟಲಿ ತೆರೆಯುವುದು ಒಂದು ಗಂಟೆ ತಡವಾದರೆ ಮನೆಯವರ ಮೇಲೆ ರೇಗ್ತೀರಾ? ಇದನ್ನು ಯಾವ ಬ್ಯಾಂಕಿನ ಫಾರ್ಮೂ ಕೇಳಲ್ಲ.

ಕೇಳಿದವರು ಒಬ್ಬರಿದ್ದಾರೆ. ಅಮೆರಿಕದ ಸ್ಯಾನ್ ಡಿಯಾಗೋದಲ್ಲಿ ವಿನ್ಸೆಂಟ್ ಫೆಲಿಟ್ಟಿ ಎಂಬ ವೈದ್ಯರು 1980ರ ದಶಕದಲ್ಲಿ ತೂಕ ಇಳಿಸುವ ಕ್ಲಿನಿಕ್ ನಡೆಸುತ್ತಿದ್ದರು. ಒಳ್ಳೆಯ ಫಲಿತಾಂಶ ಕಾಣುತ್ತಿದ್ದವರೇ ಅರ್ಧಕ್ಕೆ ಬಿಟ್ಟು ಹೋಗುತ್ತಿದ್ದುದು ಅವರಿಗೆ ಒಗಟಾಗಿತ್ತು. ಕೂತು ಮಾತಾಡಿಸಿದಾಗ ತಿಳಿದದ್ದು, ಅವರಲ್ಲಿ ಅನೇಕರು ಬಾಲ್ಯದಲ್ಲಿ ಲೈಂಗಿಕ ದೌರ್ಜನ್ಯ ಅನುಭವಿಸಿದವರು. ಡಾಕ್ಟರಿಗೆ ಕಾಯಿಲೆಯಾಗಿ ಕಂಡ ಊಟ ಅವರಿಗೆ ಮದ್ದಾಗಿತ್ತು. ಮದ್ದನ್ನು ಕಿತ್ತುಕೊಂಡರೆ ಯಾರು ತಾನೇ ಕ್ಲಿನಿಕ್‌ನಲ್ಲಿ ಉಳಿಯುತ್ತಾರೆ? ಆಮೇಲೆ ಫೆಲಿಟ್ಟಿ ಮತ್ತು ರಾಬರ್ಟ್ ಆಂಡಾ ಸೇರಿ 1995ರಿಂದ 1997ರವರೆಗೆ 17,000ಕ್ಕೂ ಹೆಚ್ಚು ವಯಸ್ಕರನ್ನು ಅವರ ಬಾಲ್ಯದ ಬಗ್ಗೆ ಕೇಳಿದರು. ಮನೆಯಲ್ಲಿ ಹೊಡೆತ ಇತ್ತೇ, ಅವಮಾನ ಇತ್ತೇ, ಲೈಂಗಿಕ ದೌರ್ಜನ್ಯ ಇತ್ತೇ, ಅಮ್ಮನಿಗೆ ಏಟು ಬೀಳುವುದನ್ನು ನೋಡಿದಿರಾ, ಮನೆಯಲ್ಲಿ ಕುಡುಕರಿದ್ದರೇ. 1998ರಲ್ಲಿ ಮೊದಲ ವರದಿ ಬಂತು. ಇಂಥ ನಾಲ್ಕು ಅಥವಾ ಅದಕ್ಕಿಂತ ಹೆಚ್ಚು ಬಗೆಯ ಅನುಭವ ಇದ್ದವರಲ್ಲಿ ಮದ್ಯವ್ಯಸನ, ಡ್ರಗ್ಸ್, ಖಿನ್ನತೆ, ಆತ್ಮಹತ್ಯಾ ಪ್ರಯತ್ನ ಇವುಗಳ ಅಪಾಯ, ಏನೂ ಇಲ್ಲದವರಿಗಿಂತ 4ರಿಂದ 12 ಪಟ್ಟು. ಉತ್ತರ ಕೊಟ್ಟವರೆಲ್ಲ ಹೆಲ್ತ್ ಇನ್ಶೂರೆನ್ಸ್ ಇದ್ದವರು. ಹೆಚ್ಚಿನವರು ಕಾಲೇಜು ಮೆಟ್ಟಿಲು ಹತ್ತಿದ ಮಧ್ಯಮ ವರ್ಗದವರು. ನಮ್ಮ ಹಾಗೆಯೇ, “ಚೆನ್ನಾಗೇ ಇದ್ದವರು.”

“ಅದೆಲ್ಲ ಅಮೆರಿಕದ ಕಥೆ ಬಿಡಿ” ಅಂತೀರಾ? ಸರಿ, ಇಲ್ಲಿನದನ್ನೇ ನೋಡಿ. 2023ರಲ್ಲಿ ಪ್ರಕಟವಾದ ಆಸ್ಟ್ರೇಲಿಯನ್ ಚೈಲ್ಡ್ ಮಾಲ್‌ಟ್ರೀಟ್‌ಮೆಂಟ್ ಸ್ಟಡಿ, 16 ವರ್ಷ ಮೇಲ್ಪಟ್ಟ 8,500 ಜನರನ್ನು ಮಾತಾಡಿಸಿತು. ಬಾಲ್ಯದಲ್ಲಿ ಒಂದಾದರೂ ಬಗೆಯ ದೌರ್ಜನ್ಯ ಅಥವಾ ನಿರ್ಲಕ್ಷ್ಯ ಕಂಡವರು ಶೇ. 62.2. ಮನೆಯಲ್ಲಿ ಹಿರಿಯರ ನಡುವಿನ ಹಿಂಸೆಯನ್ನು ಕಣ್ಣಾರೆ ಕಂಡು ಬೆಳೆದವರೇ ಶೇ. 39.6. ಇನ್ನು ನಮ್ಮ ದೇಶ: ಕೇಂದ್ರ ಸರಕಾರದ ಮಹಿಳಾ ಮತ್ತು ಮಕ್ಕಳ ಸಚಿವಾಲಯ 2007ರಲ್ಲಿ ಪ್ರಕಟಿಸಿದ ಅಧ್ಯಯನ 13 ರಾಜ್ಯಗಳ 12,447 ಮಕ್ಕಳನ್ನು ಕೇಳಿತ್ತು. ಮೂವರಲ್ಲಿ ಇಬ್ಬರು ದೈಹಿಕ ಹಿಂಸೆ ಕಂಡವರು. ಅರ್ಧಕ್ಕಿಂತ ಹೆಚ್ಚು ಮಕ್ಕಳು ಒಂದಲ್ಲ ಒಂದು ರೀತಿಯ ಲೈಂಗಿಕ ದೌರ್ಜನ್ಯ ಅನುಭವಿಸಿದವರು. ಆ 13ರಲ್ಲಿ ಕರ್ನಾಟಕ ಇರಲಿಲ್ಲ. ಸುತ್ತಲಿನ ಆಂಧ್ರ, ಕೇರಳ, ಮಹಾರಾಷ್ಟ್ರ, ಗೋವಾ ಇದ್ದವು. ಗಡಿಯ ಈಚೆ ಮಾತ್ರ ಎಲ್ಲ ಅಪ್ಪಂದಿರೂ ಸಾಧುಗಳು ಅಂತ ನಂಬಲು ನಿಮಗೆ ಮನಸ್ಸಿದ್ದರೆ ನಂಬಿ.

ಇದು ಹೇಗೆ ಕೆಲಸ ಮಾಡುತ್ತದೆ? ಗೇಟಿನ ಸದ್ದು ಕೇಳಿದ ಕೂಡಲೇ ಅಪ್ಪನ ಹೆಜ್ಜೆ ಇವತ್ತು ಯಾವ ಥರ ಇದೆ ಅಂತ ಅಳೆಯುತ್ತಾ ಬೆಳೆದ ಮಗುವಿನ ದೇಹ, ಅಪಾಯ ಇಲ್ಲದಾಗಲೂ ಕಾವಲು ಕಾಯುತ್ತಿರುತ್ತದೆ. ಎದೆ ಬಡಿತ, ಸ್ನಾಯುಗಳ ಬಿಗಿ, ಕಾರ್ಟಿಸೋಲ್ ಅನ್ನುವ ಹಾರ್ಮೋನು, ಎಲ್ಲವೂ ಪಹರೆಗೆ ಹೊಂದಿಕೊಂಡುಬಿಡುತ್ತವೆ. ಹುಡುಗ ದೊಡ್ಡವನಾಗುತ್ತಾನೆ, ಅಪ್ಪ ಮುದುಕನಾಗುತ್ತಾನೆ, ಗೇಟು ಹತ್ತು ಸಾವಿರ ಕಿಲೋಮೀಟರಿನಾಚೆ ಉಳಿಯುತ್ತದೆ. ಪಹರೆ ಮುಗಿಯಲ್ಲ. ಇಂಥವನು ಮೊದಲ ಸಲ ಕುಡಿದಾಗ ಸಿಗುವುದು ಕಿಕ್ ಅಲ್ಲ, ನಿಶ್ಶಬ್ದ. “ಓಹೋ, ಬೇರೆಯವರೆಲ್ಲ ದಿನಾ ಹೀಗೇ ಇರ್ತಾರಾ?” ಅನ್ನಿಸುತ್ತದೆ. ಅಮೆರಿಕದ ಮನೋವೈದ್ಯ ಎಡ್ವರ್ಡ್ ಖಾಂಟ್ಜಿಯನ್ 1985ರಲ್ಲಿ ಇದನ್ನು ಸ್ವಂತ ವೈದ್ಯ ಮಾಡಿಕೊಳ್ಳುವುದಕ್ಕೆ ಹೋಲಿಸಿದರು. ಡಾಕ್ಟರಿಲ್ಲದೆ, ಚೀಟಿಯಿಲ್ಲದೆ, ತನಗೆ ತಾನೇ ಕೊಟ್ಟುಕೊಳ್ಳುವ ಔಷಧಿ. ತೊಂದರೆ ಏನೆಂದರೆ ಆ ಔಷಧಿಯ ಡೋಸು ಏರುತ್ತಲೇ ಹೋಗುತ್ತದೆ, ಕಾಯಿಲೆ ಇದ್ದಲ್ಲೇ ಇರುತ್ತದೆ.

ಇಷ್ಟು ಕೇಳಿ, ಇನ್‌ಸ್ಟಾಗ್ರಾಂನಲ್ಲಿ ಥೆರಪಿ ಕಲಿತವರ ಹಾಗೆ “ಎಲ್ಲದಕ್ಕೂ ಟ್ರಾಮಾನೇ ಕಾರಣ” ಅಂತ ಹೊರಡಬೇಡಿ. ಅದೂ ಸುಳ್ಳೇ. ಮದ್ಯವ್ಯಸನದ ಅಪಾಯದಲ್ಲಿ ಸುಮಾರು ಅರ್ಧದಷ್ಟು ಪಾಲು ವಂಶವಾಹಿಗಳದ್ದು ಅಂತ ಅವಳಿಗಳ ಅಧ್ಯಯನಗಳು ತೋರಿಸಿವೆ. ನಮ್ಮ ಬೆಂಗಳೂರಿನ ನಿಮ್ಹಾನ್ಸ್‌ನಲ್ಲೇ ವ್ಯಸನಿ ತಂದೆಯ ಮಕ್ಕಳ ಮೇಲೆ ಬಹಳ ವರ್ಷ ಸಂಶೋಧನೆ ನಡೆದಿದೆ. ಬಾಲ್ಯದಲ್ಲಿ ನರಕ ಕಂಡೂ ಒಂದು ತೊಟ್ಟು ಮುಟ್ಟದವರು ಬೇಕಾದಷ್ಟಿದ್ದಾರೆ. ಹೂವಿನ ಹಾಗೆ ಬೆಳೆದು ಹಾಳಾದವರೂ ಇದ್ದಾರೆ. ಮೇಲೆ ಹೇಳಿದ ಆಂಡಾ ಅವರೇ 2020ರಲ್ಲಿ ಎಚ್ಚರಿಸಿದ್ದರು: ಆ ಅಂಕ ಜನಸಮುದಾಯದ ಲೆಕ್ಕಕ್ಕೆ, ಒಬ್ಬೊಬ್ಬರ ಭವಿಷ್ಯ ಹೇಳಲು ಬಳಸಬೇಡಿ. ಅದು ಜಾತಕ ಅಲ್ಲ. ನನ್ನ ಜಗಳ ಇರುವುದು ಜಾತಕ ಬರೆಯುವವರ ಜೊತೆಗೂ ಹೌದು, ಆದರೆ ಅವರು ನಮ್ಮಲ್ಲಿ ಕಡಿಮೆ. ನಮ್ಮಲ್ಲಿ ಹೆಚ್ಚಿರುವುದು ಕಣ್ಣು ಮುಚ್ಚಿಕೊಂಡವರು. ಅವರು ಮುಚ್ಚಿಕೊಳ್ಳುವುದು ಒಂದೇ ಒಂದು ಪದದ ಹಿಂದೆ: ಚಟ.

“ಅವನಿಗೆ ಕೆಟ್ಟ ಚಟ.” ಮುಗೀತು. ವಿಚಾರಣೆ ಬೇಡ, ತೀರ್ಪು ಬಂದಾಯಿತು. ಚಟ ಅಂದಾಗ ಅದು ಆ ಮನುಷ್ಯನ ನಾಲಿಗೆಯ ತಪ್ಪು, ಅವನ ಸ್ನೇಹಿತರ ತಪ್ಪು. ಅವನು ಬೆಳೆದ ಮನೆಯದ್ದಲ್ಲ. ಆದರೆ ಕನ್ನಡದಲ್ಲಿ ಇನ್ನೊಂದು ಪದ ಇದೆ, ಕಲಿಯುತ್ತಿರುವವರು ಇದನ್ನು ಬರೆದಿಟ್ಟುಕೊಳ್ಳಿ: ವ್ಯಸನ. ದಿನಪತ್ರಿಕೆಯಲ್ಲಿ “ಮಾದಕ ವ್ಯಸನಿ” ಅಂತ ಓದ್ತೀರಿ. ಹಾಗೇ ನಿಮ್ಮ ಅಜ್ಜಿ “ಮಗ ಫೋನು ಮಾಡಲಿಲ್ಲ ಅಂತ ವ್ಯಸನಪಟ್ಟಳು” ಅಂತ ಹೇಳಿರ್ತಾರೆ. ಒಂದೇ ಪದ. ಒಂದು ಕಡೆ ಅಡಿಕ್ಷನ್, ಇನ್ನೊಂದು ಕಡೆ ದುಃಖ. ಖಾಂಟ್ಜಿಯನ್ ಒಂದು ಪ್ರಬಂಧ ಬರೆದು ಹೇಳಿದ್ದು ನಮ್ಮ ನಿಘಂಟಿನಲ್ಲಿ ಒಂದು ಸಾಲಿನಲ್ಲಿ ಮಲಗಿದೆ. ನಾವು ಅದನ್ನು ಎಬ್ಬಿಸುವುದಿಲ್ಲ.

ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ. “ಸಪ್ತವ್ಯಸನಿ” ಅಂತ ಬೈಯುವುದನ್ನು ಕೇಳಿದ್ದೀರಲ್ಲ? ಆ ಏಳು ಯಾವುವು ಅಂತ ಹಿರಿಯರನ್ನು ಕೇಳಿ ನೋಡಿ. ಕುಡಿತ, ಜೂಜು, ಹೆಣ್ಣಿನ ಹುಚ್ಚು, ಬೇಟೆ, ಇಷ್ಟಕ್ಕೆ ನಿಲ್ಲುತ್ತಾರೆ. ಉಳಿದ ಮೂರು? ಕೌಟಿಲ್ಯನ ಅರ್ಥಶಾಸ್ತ್ರದ ಎಂಟನೇ ಅಧಿಕರಣದಲ್ಲಿದೆ ಪಟ್ಟಿ. (ಕಳೆದುಹೋಗಿತ್ತು ಅಂದುಕೊಂಡಿದ್ದ ಈ ಗ್ರಂಥದ ಹಸ್ತಪ್ರತಿಯನ್ನು ಮೈಸೂರಿನ ಪ್ರಾಚ್ಯ ಗ್ರಂಥಾಲಯದಲ್ಲಿ ಗುರುತಿಸಿ 1909ರಲ್ಲಿ ಅಚ್ಚು ಹಾಕಿಸಿದವರು ನಮ್ಮ ರುದ್ರಪಟ್ಟಣದ ಶಾಮಶಾಸ್ತ್ರಿಗಳು, ಹಾಗಾಗಿ ಇದು ಎಲ್ಲೋ ದೂರದ ಪುಸ್ತಕ ಅಲ್ಲ.) ಆಸೆಯಿಂದ ಹುಟ್ಟುವ ವ್ಯಸನ ನಾಲ್ಕು, ಸಿಟ್ಟಿನಿಂದ ಹುಟ್ಟುವ ವ್ಯಸನ ಮೂರು. ಆ ಮೂರು: ವಾಕ್ಪಾರುಷ್ಯ, ಅರ್ಥದೂಷಣ, ದಂಡಪಾರುಷ್ಯ. ಅಂದರೆ ಚುಚ್ಚಿ ಬೈಯುವುದು, ಹಣ ಆಸ್ತಿ ಕಿತ್ತು ಹಾಳು ಮಾಡುವುದು, ಕ್ರೂರವಾಗಿ ಶಿಕ್ಷಿಸುವುದು. ಇವೆರಡು ಗುಂಪಿನಲ್ಲಿ ಯಾವುದು ಹೆಚ್ಚು ಕೆಟ್ಟದ್ದು ಅನ್ನುವ ಪ್ರಶ್ನೆಯನ್ನೂ ಅವನು ಎತ್ತಿಕೊಂಡು, ಸಿಟ್ಟೇ ಅಂತ ತೀರ್ಮಾನ ಕೊಡುತ್ತಾನೆ. ಜೈನರ ಪಟ್ಟಿ ಬೇರೆ, ಅದರಲ್ಲಿ ಕಳ್ಳತನ, ಮಾಂಸ ಬರುತ್ತವೆ. ಆ ಮಾತು ಬೇರೆ. ಕೌಟಿಲ್ಯ ಹೇಳಿದ್ದು ರಾಜರಿಗೆ ಅಂತಲೂ ನೀವು ಹೇಳಬಹುದು. ನಮ್ಮ ಮನೆಗಳಲ್ಲಿ ರಾಜರಿಗೇನು ಕಡಿಮೆ ಇತ್ತೇ?

ಯೋಚನೆ ಮಾಡಿ. ಮಗನ ಗ್ಲಾಸೂ ಅಪ್ಪನ ಬೆಲ್ಟೂ ಒಂದೇ ಪಟ್ಟಿಯಲ್ಲಿದ್ದವು. ನಾವು ಗ್ಲಾಸನ್ನು ಉಳಿಸಿಕೊಂಡು ಬೆಲ್ಟನ್ನು ಹೊಡೆದುಹಾಕಿದೆವು. ಹೊಡೆದುಹಾಕಿ, ಅದರ ಜಾಗದಲ್ಲಿ “ದಂಡಂ ದಶಗುಣಂ”, “ಛಡಿ ಚಂ ಚಂ ವಿದ್ಯೆ ಘಂ ಘಂ” ಅಂತ ಬೋರ್ಡು ಹಾಕಿದೆವು. ಸಂಸ್ಕೃತಿ ಸಂಸ್ಕೃತಿ ಅಂತ ವೇದಿಕೆ ಹತ್ತುವವರು ಮೊದಲು ಪಟ್ಟಿಯನ್ನು ಪೂರ್ತಿ ಓದಲಿ.

ಬೆಲ್ಟು ಅಂದರೆ ಬೆಲ್ಟು ಮಾತ್ರ ಅಲ್ಲ. ವಾರಗಟ್ಟಲೆ ಮಗುವಿನ ಜೊತೆ ಮಾತು ಬಿಡುವುದು ಇದೆ. ಪಕ್ಕದ ಮನೆಯ ಹುಡುಗನ ಮಾರ್ಕ್ಸ್ ತಂದು ತಟ್ಟೆಯ ಮುಂದೆ ಇಡುವುದು ಇದೆ. ಮುಟ್ಟಬಾರದ ಕಡೆ ಮುಟ್ಟಿದ ಮಾವನ ಬಗ್ಗೆ ಹೇಳಿದರೆ “ಬಾಯಿ ಮುಚ್ಚು, ಯಾರಾದರೂ ಕೇಳಿಸಿಕೊಂಡಾರು” ಅಂದ ಅಮ್ಮ ಇದ್ದಾರೆ. ಬಹಳ ಜನಕ್ಕೆ ಏಟಿಗಿಂತ ಆಳವಾಗಿ ಇಳಿದದ್ದು ಆ “ಬಾಯಿ ಮುಚ್ಚು.”

ಇನ್ನು ವ್ಯಸನ ಅಂದರೂ ಬಾಟಲಿ ಮಾತ್ರ ಅಲ್ಲ. ಸಿಡ್ನಿಯಲ್ಲಿ ನಾಮಕರಣಕ್ಕೂ ಅರಂಗೇಟ್ರಂಗೂ ಹಾಲ್ ಬಾಡಿಗೆಗೆ ಸಿಗುವ ಕ್ಲಬ್‌ಗಳಿವೆಯಲ್ಲ, ಒಳಗಡೆ ಇನ್ನೊಂದು ಕತ್ತಲೆ ಕೋಣೆ ಇರುತ್ತದೆ. ಕಿಟಕಿ ಇಲ್ಲ, ಪೋಕರ್ ಮಷೀನುಗಳ ಬಣ್ಣ ಬಣ್ಣದ ಬೆಳಕು. ನ್ಯೂ ಸೌತ್ ವೇಲ್ಸ್ ಈ ಮಷೀನುಗಳನ್ನು ಕ್ಲಬ್‌ಗಳಲ್ಲಿ ಕಾನೂನುಬದ್ಧ ಮಾಡಿದ್ದು 1956ರಲ್ಲಿ. ಇವತ್ತು ಈ ಒಂದೇ ರಾಜ್ಯದಲ್ಲಿ 85,000ಕ್ಕೂ ಹೆಚ್ಚು ಇವೆ. ಊಟ ಮುಗಿಸಿ “ಈಗ ಬಂದೆ” ಅಂತ ಎದ್ದು ಹೋದ ಅಂಕಲ್ ಒಂದೂವರೆ ಗಂಟೆ ಬರದಿದ್ದರೆ ಎಲ್ಲಿದ್ದಾರೆ ಅಂತ ಆಂಟಿಗೆ ಗೊತ್ತು, ಆಂಟಿ ಏನೂ ಹೇಳಲ್ಲ. ಫೋನಿನಲ್ಲಿ ಕ್ರಿಕೆಟ್ ಬೆಟ್ಟಿಂಗ್ ಬಂದ ಮೇಲೆ ಕ್ಲಬ್ಬಿಗೂ ಹೋಗಬೇಕಿಲ್ಲ, ಬಾತ್‌ರೂಮ್ ಸಾಕು. ಮತ್ತೆ ಕೆಲಸ. ರಾತ್ರಿ ಹನ್ನೊಂದಕ್ಕೂ ಲ್ಯಾಪ್‌ಟಾಪ್, ಭಾನುವಾರವೂ ಕಾಲ್. ಸುಮ್ಮನೆ ಕೂತರೆ ಒಳಗಿನ ಸದ್ದು ಕೇಳುತ್ತದೆ ಅಂತ ಓಡುತ್ತಲೇ ಇರುವವರು. ಇದನ್ನು ನಾವು ಚಟ ಅನ್ನಲ್ಲ, ಶಾಲು ಹೊದಿಸಿ ಸನ್ಮಾನ ಮಾಡ್ತೀವಿ.

ಸರಿ, ಮನೆಯವರಿಗೆ ಗೊತ್ತಾಯಿತು ಅಂದ್ಕೊಳ್ಳಿ. ಆಗ ನಾವು ಕೊಡುವ ಚಿಕಿತ್ಸೆ ಮೂರು. ಒಂದು, ಆಣೆ. “ದೇವರ ಮುಂದೆ ಆಣೆ ಮಾಡು, ಇವತ್ತಿನಿಂದ ಮುಟ್ಟಲ್ಲ ಅಂತ.” ದಯವಿಟ್ಟು ಇದನ್ನು ಗಮನವಿಟ್ಟು ಓದಿ: ವರ್ಷಗಟ್ಟಲೆ ದಿನಾ ವಿಪರೀತ ಕುಡಿಯುತ್ತಿದ್ದವರು ವೈದ್ಯರ ನೆರವಿಲ್ಲದೆ ಒಮ್ಮೆಗೇ ನಿಲ್ಲಿಸಿದರೆ ಫಿಟ್ಸ್ ಬರಬಹುದು, ಬುದ್ಧಿಭ್ರಮಣೆಯಾಗಬಹುದು, ಪ್ರಾಣಕ್ಕೂ ಅಪಾಯವಾಗಬಹುದು. ಧರ್ಮಸ್ಥಳದ ಗ್ರಾಮಾಭಿವೃದ್ಧಿ ಯೋಜನೆಯವರು ಹಳ್ಳಿಗಳಲ್ಲಿ ನಡೆಸುವ ಮದ್ಯವರ್ಜನ ಶಿಬಿರಗಳಲ್ಲೂ ಬರೀ ಆಣೆ ಮಾಡಿಸಿ ಅದೇ ದಿನ ಮನೆಗೆ ಕಳಿಸಲ್ಲ. ದಿನಗಟ್ಟಲೆ ಜೊತೆಯಲ್ಲಿ ಇಟ್ಟುಕೊಳ್ಳುತ್ತಾರೆ. ನಾವು ಒಂದು ದೀಪ ಹಚ್ಚಿ, ಆಣೆ ಮಾಡಿಸಿ, ಮುರಿದಾಗ “ದೇವರಿಗೇ ಮೋಸ ಮಾಡಿದ” ಅಂತ ಇನ್ನೊಂದು ಹೊರೆ ಹೊರಿಸ್ತೀವಿ. ಎರಡು, ಊರಿನಿಂದ ಪುಡಿ. “ಕುಡಿಯುವವರಿಗೆ ತಿಳಿಯದಂತೆ ಕುಡಿತ ಬಿಡಿಸಿ” ಅಂತ ಬರುವ ಜಾಹೀರಾತು ನೋಡಿದ್ದೀರಿ. ಅದರಲ್ಲಿ ಏನಿದೆ ಅಂತ ತಿಳಿಯದೆ ಸಾರಿನಲ್ಲಿ ಬೆರೆಸುವುದು ಚಿಕಿತ್ಸೆಯಲ್ಲ, ವಿಷಪ್ರಯೋಗ.

ಮೂರನೆಯದು ಎಲ್ಲಕ್ಕಿಂತ ಕ್ರೂರ. “ಒಂದು ಮದುವೆ ಮಾಡಿಬಿಡಿ, ಜವಾಬ್ದಾರಿ ಬಂದರೆ ಸರಿ ಹೋಗ್ತಾನೆ.” ಹಾಸನದಲ್ಲೋ ದಾವಣಗೆರೆಯಲ್ಲೋ ಬಿಎಸ್ಸಿ ಮುಗಿಸಿದ ಒಂದು ಹುಡುಗಿಯನ್ನು ಹುಡುಕಿ, “ಹುಡುಗ ಮೆಲ್ಬರ್ನ್‌ನಲ್ಲಿದ್ದಾನೆ, ಪಿಆರ್ ಇದೆ” ಅಂತಷ್ಟೇ ಹೇಳಿ, ಛತ್ರ ಮಾಡಿ ಕಳಿಸ್ತೀವಿ. ಮಾತ್ರೆಯ ಬದಲು ಮನುಷ್ಯಳನ್ನು ಕೊಟ್ಟ ಹಾಗೆ. ಜುಲೈ ಚಳಿಯಲ್ಲಿ ಟಲ್ಲಮರೀನ್ ಏರ್‌ಪೋರ್ಟಿನಲ್ಲಿ ಇಳಿಯುವ ಅವಳಿಗೆ ಇಲ್ಲಿ ಕಾರಿಲ್ಲ, ಗೆಳತಿಯಿಲ್ಲ, ಕೆಲಸವಿಲ್ಲ. ಅವನು ಸರಿ ಹೋಗಲ್ಲ. ಎರಡು ವರ್ಷದಲ್ಲಿ ಮಗು. ಆ ಮಗುವೂ ಈಗ ಹೆಜ್ಜೆಯ ಸದ್ದು ಅಳೆಯುವುದನ್ನು ಕಲಿಯುತ್ತದೆ. ಈ ಸಂಬಂಧ ಕುದುರಿಸಿದವರಿಗೆ ಮೊದಲೇ ಎಲ್ಲ ಗೊತ್ತಿತ್ತು. ಅವರೂ ಇದರಲ್ಲಿ ಪಾಲುದಾರರು, ಮುಖ ನೋಡಿ ಹಾಗೇ ಹೇಳಬೇಕು. ಇದನ್ನು ಓದುತ್ತಿರುವವರಲ್ಲಿ ಆ ಹುಡುಗಿ ಇದ್ದರೆ ಅಕ್ಕ ಹೇಳಿದ ಹಾಗೆ ಕೇಳಿ: ಪಾರ್ಟ್ನರ್ ವೀಸಾದಲ್ಲಿ ಬಂದವರು ಹಿಂಸೆ ತಾಳದೆ ಮನೆ ಬಿಟ್ಟರೆ ವೀಸಾ ತಾನಾಗಿ ಹೋಗಿಬಿಡಲ್ಲ, ಕೌಟುಂಬಿಕ ಹಿಂಸೆಗೆಂದೇ ಕಾನೂನಿನಲ್ಲಿ ನಿಯಮ ಇದೆ. 1800 737 732ಕ್ಕೆ ಯಾವ ಹೊತ್ತಿನಲ್ಲಾದರೂ ಫೋನ್ ಮಾಡಬಹುದು.

“ಇಲ್ಲಿನ ಕಲ್ಚರ್ ಕೆಡಿಸಿತು” ಅನ್ನುವವರಿಗೆ ಒಂದು ಮಾತು. ಈ ದೇಶ ಸಾಚಾ ಅಂತ ನಾನು ಹೇಳ್ತಿಲ್ಲ. ಮಷೀನುಗಳ ಲೆಕ್ಕ ಕೊಟ್ಟಿದ್ದೀನಿ. ತಂದೆ ತಾಯಿ “ಹಿತಮಿತವಾಗಿ” ಹೊಡೆಯುವುದಕ್ಕೆ ಇಲ್ಲಿನ ಕಾನೂನು ಇವತ್ತಿಗೂ ಅವಕಾಶ ಉಳಿಸಿಕೊಂಡಿದೆ. ಆದರೆ ಈ ದೇಶ ಒಂದು ಕೆಲಸ ಮಾಡಿದೆ. 2013ರಿಂದ 2017ರವರೆಗೆ ರಾಯಲ್ ಕಮಿಷನ್ ಕೂರಿಸಿ, ಚರ್ಚುಗಳಲ್ಲಿ, ಶಾಲೆಗಳಲ್ಲಿ, ಅನಾಥಾಲಯಗಳಲ್ಲಿ ಮಕ್ಕಳ ಮೇಲೆ ನಡೆದ ಲೈಂಗಿಕ ದೌರ್ಜನ್ಯವನ್ನು ಅನುಭವಿಸಿದವರ ಬಾಯಿಂದಲೇ ಕೇಳಿಸಿಕೊಂಡಿತು. 2018ರ ಅಕ್ಟೋಬರ್ 22ರಂದು ಪ್ರಧಾನಿ ಸಂಸತ್ತಿನಲ್ಲಿ ನಿಂತು ಕ್ಷಮೆ ಕೇಳಿದರು. ಕ್ಷಮೆಯಿಂದ ಎಲ್ಲ ಸರಿಹೋಗಲಿಲ್ಲ, ಅದು ನಿಜ. ಆದರೂ ನಮ್ಮ ಯಾವ ಮನೆಯಲ್ಲಿ ಯಾವ ಅಪ್ಪ ಇಷ್ಟು ಹೇಳಿದ್ದಾರೆ?

ಇಲ್ಲಿ ಹುಟ್ಟಿದವರೇ, ಈಗ ನಿಮ್ಮ ಹತ್ತಿರ. ಸೆಲೆಕ್ಟಿವ್ ಸ್ಕೂಲ್ ಪರೀಕ್ಷೆ, ಎಚ್‌ಎಸ್‌ಸಿ, ವಿಸಿಇ ಅಂತ ನಿಮ್ಮನ್ನು ಅರೆದ ಅಪ್ಪ ಅಮ್ಮ ಕೆಟ್ಟವರಲ್ಲ ಅಂತ ನಿಮಗೆ ಗೊತ್ತು. ಅವರಿಗೂ ಯಾರೋ ಹೊಡೆದಿದ್ದರು ಅಂತಲೂ ಗೊತ್ತು. ಅದು ಕಾರಣ, ಕ್ಷಮಾಪತ್ರ ಅಲ್ಲ. “ಪಾಪ, ಅವರು ಎಷ್ಟು ಕಷ್ಟಪಟ್ಟಿದ್ದಾರೆ” ಅಂತ ನಿಮ್ಮ ನೋವನ್ನು ನುಂಗಿಕೊಂಡು ಟಾಯ್ಲೆಟ್‌ನಲ್ಲಿ ವೇಪ್ ಎಳೆಯುತ್ತಾ ಕೂರುವುದು ಅವರ ಮೇಲಿನ ಗೌರವ ಅಲ್ಲ. ಅಪ್ಪನ ಹತ್ತಿರ ಈ ವಿಷಯ ಇಂಗ್ಲಿಷ್‌ನಲ್ಲಿ ಎತ್ತಿದರೆ ಅವರು “ಇವನು ವೆಸ್ಟರ್ನ್ ಆಗಿಬಿಟ್ಟ” ಅಂತ ಬಾಗಿಲು ಹಾಕಿಕೊಳ್ತಾರೆ. ಕನ್ನಡದಲ್ಲಿ ಕೇಳಿ. “ಅಪ್ಪಾ, ನಿಮ್ಮನ್ನ ತಾತ ಹೊಡೀತಿದ್ರಾ?” ಅಷ್ಟು ಕನ್ನಡ ನಿಮಗೆ ಬರುತ್ತದೆ. ಉತ್ತರ ಅವತ್ತೇ ಬರದಿರಬಹುದು, ಸಿಟ್ಟೂ ಬರಬಹುದು. ಒತ್ತಾಯ ಬೇಡ. ನಿಮಗೆ ಅಪಾಯ ಇರುವ ಮನೆಯಾದರೆ ಕೇಳಲೇಬೇಡಿ, ಮೊದಲು ಹೊರಗಿನವರೊಬ್ಬರಿಗೆ ಹೇಳಿ.

ಹೊರಗಿನವರು ಯಾರು? ಮೆಡಿಕೇರ್ ಇದ್ದವರು ಜಿಪಿ ಹತ್ತಿರ ಹೋಗಿ ಮೆಂಟಲ್ ಹೆಲ್ತ್ ಟ್ರೀಟ್‌ಮೆಂಟ್ ಪ್ಲಾನ್ ಕೇಳಿ. ವರ್ಷಕ್ಕೆ 10 ಸಲ ಸೈಕಾಲಜಿಸ್ಟ್ ಭೇಟಿಗೆ ಮೆಡಿಕೇರ್ ಹಣ ವಾಪಸ್ ಕೊಡುತ್ತದೆ, ಪೂರ್ತಿ ಅಲ್ಲದಿದ್ದರೂ. ಕುಡಿತದ ಸೆಳೆತ ತಗ್ಗಿಸುವ ನಾಲ್‌ಟ್ರೆಕ್ಸೋನ್, ಅಕಾಂಪ್ರೊಸೇಟ್ ಎಂಬ ಮಾತ್ರೆಗಳು ಪಿಬಿಎಸ್‌ನಲ್ಲಿ ಸಿಗುತ್ತವೆ. ಬಾಟಲಿಗಿಂತ ಅಗ್ಗ. ನಮ್ಮ ಡಾಕ್ಟರು ನಮ್ಮವರೇ, ಸಂಘದಲ್ಲಿ ಸಿಕ್ತಾರೆ ಅಂತ ಮುಜುಗರವಾದರೆ ಬೇರೆ ಸಬರ್ಬಿನ ಡಾಕ್ಟರ ಹತ್ತಿರ ಹೋಗಿ. ಇಂಗ್ಲಿಷ್‌ನಲ್ಲಿ ಹೇಳಲು ಬಾರದ ಅಮ್ಮನಿಗೆ 131 450ರಲ್ಲಿ ದುಭಾಷಿ ಸಿಗ್ತಾರೆ, ಕನ್ನಡದವರು ಬೇಕು ಅಂತ ಮೊದಲೇ ತಿಳಿಸಿ. ಡ್ರಗ್ಸ್, ಕುಡಿತದ ಬಗ್ಗೆ ಕೇಳಲು 1800 250 015. ಜೂಜಿಗೆ 1800 858 858. ಆನ್‌ಲೈನ್ ಬೆಟ್ಟಿಂಗ್ ಕಂಪನಿಗಳಿಂದ ನಿಮ್ಮನ್ನು ನೀವೇ ಹೊರಗಿಟ್ಟುಕೊಳ್ಳಲು ಬೆಟ್‌ಸ್ಟಾಪ್ ಅನ್ನುವ ಸರಕಾರಿ ನೋಂದಣಿ 2023ರ ಆಗಸ್ಟ್‌ನಿಂದ ಇದೆ, ಮೂರು ತಿಂಗಳಿಂದ ಜೀವಮಾನದವರೆಗೆ. ಬಾಲ್ಯದ ಗಾಯ ಹೊತ್ತ ದೊಡ್ಡವರಿಗೆಂದೇ ಸಿಡ್ನಿ ಮೂಲದ ಬ್ಲೂ ನಾಟ್ ಸಂಸ್ಥೆ ಇದೆ, 1300 657 380. ಬದುಕೇ ಬೇಡ ಅನ್ನಿಸಿದ ರಾತ್ರಿಗೆ ಲೈಫ್‌ಲೈನ್, 13 11 14.

ಸ್ಟೂಡೆಂಟ್ ವೀಸಾದವರಿಗೆ ಮೆಡಿಕೇರ್ ಇಲ್ಲ, ನಿಮ್ಮ ಓಎಸ್‌ಎಚ್‌ಸಿ ಪಾಲಿಸಿಯಲ್ಲಿ ಏನು ಸಿಗುತ್ತದೆ ನೋಡಿ, ಯೂನಿವರ್ಸಿಟಿಯ ಕೌನ್ಸೆಲರ್‌ಗೆ ಸಾಮಾನ್ಯವಾಗಿ ಫೀಸು ಇರಲ್ಲ. ಜಿಪಿ ಹತ್ತಿರ ಬುಕ್ ಮಾಡುವಾಗ ಲಾಂಗ್ ಅಪಾಯಿಂಟ್‌ಮೆಂಟ್ ಅಂತಲೇ ಕೇಳಿ. ಪ್ಲಾನ್ ಬರೆಯಲು ಸಮಯ ಹಿಡಿಯುತ್ತದೆ, ಮತ್ತೆ ಮೊದಲ ಹತ್ತು ನಿಮಿಷ ನಿಮ್ಮ ಬಾಯಿಂದ ಮಾತೇ ಹೊರಡದೆ ಇರಬಹುದು.